ಇಲ್ಲದ ಆದಾಯಕ್ಕೆ ಎಲ್ಲಿಯ ಕಾಗದ?

ಈಚೆಗೆ ಓದುಗರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅಡಿಕೆಯ ಎಲೆಚುಕ್ಕಿ ರೋಗವನ್ನೂ ಹಿಂದಿಕ್ಕಿದ್ದು ಒಂದಿದೆ, ಶೈಕ್ಷಣಿಕ ಸಾಲದ ಪ್ರಶ್ನೆ. ಸಾಲ ಹೇಗೆ ಸಿಗುತ್ತದೆ ಎಂದು ಕೇಳುವವರು ಕಡಿಮೆ, ಅದನ್ನು ಕಾಲೇಜಿನವರೇ ಹೇಳಿ ಕಳಿಸುತ್ತಾರೆ. ಓದು ಮುಗಿದು ವರ್ಷವಾಯಿತು, ಕಂತು ಶುರುವಾಯಿತು, ಕೆಲಸ ಸಿಕ್ಕಿಲ್ಲ ಅಥವಾ ಸಿಕ್ಕಿದ್ದು ಹೋಯಿತು. ಈಗ ಕೈಯಲ್ಲಿ ಆದಾಯವಿಲ್ಲ ಎನ್ನುವುದನ್ನು ಬ್ಯಾಂಕಿಗೆ ತೋರಿಸುವುದು ಹೇಗೆ ಎನ್ನುವುದು ಎಲ್ಲರ ಚಿಂತೆ. ಮಂಚಿಕೇರಿ ಪೇಟೆಯಲ್ಲಿ ಸಿಕ್ಕ ಹಿರಿಯರೊಬ್ಬರು ಇದನ್ನೇ ಮನೆಮಾತಿನಲ್ಲಿ ಕೇಳಿದರು: “ಮಾಣಿಗೆ ಕೆಲ್ಸ ಇಲ್ಲೆ ಹೇಳಿ ನಾ ಹೇಳಿರೆ ಆಗ್ತಿಲ್ಯಡ, ಕಾಗ್ದ ಬೇಕಡ. ಇಲ್ಲೆ ಹೇಳದಕ್ಕೆ ಯಾರು ಕಾಗ್ದ ಕೊಡ್ತ ಮಾರಾಯಾ?”

ಪ್ರಶ್ನೆ ಸರಿಯಾಗಿಯೇ ಇದೆ. ಸಂಬಳ ಬರುವವನಿಗೆ ಸಂಬಳದ ಚೀಟಿ ಇದೆ, ಫಾರ್ಮ್ 16 ಇದೆ. ಅಂಗಡಿಯವನಿಗೆ ಜಿಎಸ್‌ಟಿ ಲೆಕ್ಕವಿದೆ. ಪಿಂಚಣಿಯವರಿಗೆ ಪಾಸ್‌ಪುಸ್ತಕವಿದೆ. ಏನೂ ಬರದವನಿಗೆ ‘ಇವನಿಗೆ ಏನೂ ಬರುವುದಿಲ್ಲ’ ಎಂದು ಸಹಿ ಹಾಕಿಕೊಡುವ ಕಚೇರಿ ನನಗೆ ತಿಳಿದಂತೆ ಯಾವುದೂ ಇಲ್ಲ. ಆದ್ದರಿಂದ ಒಂದೇ ಕಾಗದವನ್ನು ಹುಡುಕಿಕೊಂಡು ಯಲ್ಲಾಪುರ, ಶಿರಸಿ, ಕಾರವಾರ ಎಂದು ಅಲೆಯುವುದು ವ್ಯರ್ಥ. ಅಲ್ಲಲ್ಲಿ ತುಂಡು ತುಂಡಾಗಿರುವ ದಾಖಲೆಗಳನ್ನು ಜೋಡಿಸಿ, ಕಂತು ತಪ್ಪುವ ಮೊದಲೇ ಒಯ್ದುಕೊಡಬೇಕು. ನಾನು ಬ್ಯಾಂಕಿನವನಲ್ಲ, ವಕೀಲನೂ ಅಲ್ಲ. ಊರವರಿಗೆ ಅರ್ಜಿ ಬರೆದುಕೊಡುವ ಹಳೆಯ ಚಟವೊಂದಿದೆ. ಆ ಚಟದಿಂದ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮ ಕಡೆಯ ಒಂದು ಮನೆ ಒಂದು ಶೈಕ್ಷಣಿಕ ಸಾಲದ ಆಯುಷ್ಯದಲ್ಲಿ ಮೂರು ಸಲ ಆದಾಯದ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ, ಮೂರು ಸಲವೂ ಬೇರೆ ಬೇರೆ ಉತ್ತರ. ಸಾಲ ಕೇಳುವಾಗ ಮ್ಯಾನೇಜರ್ ಎದುರು ಅಪ್ಪ ತಕ್ಕಮಟ್ಟಿಗೆ ಸ್ಥಿತಿವಂತನಾಗಿರಬೇಕು. ಬಡ್ಡಿಯ ಸಹಾಯಧನಕ್ಕೆ ತಹಶೀಲ್ದಾರರ ಎದುರು ಅದೇ ಅಪ್ಪ ಅದೇ ತಿಂಗಳಲ್ಲಿ ಬಡವನಾಗಿರಬೇಕು. ಓದು ಮುಗಿದ ಮೇಲೆ ಅಪ್ಪನ ಲೆಕ್ಕ ಹಿಂದಾಗಿ ಮಗನ ಅಥವಾ ಮಗಳ ಜೇಬು ಖಾಲಿ ಎಂದು ತೋರಿಸಬೇಕು. ಸುಳ್ಳು ಹೇಳದೆಯೂ ಈ ಮೂರನ್ನೂ ಹೇಳಲು ಸಾಧ್ಯ, ಏಕೆಂದರೆ ಕೇಳುವ ಪ್ರಶ್ನೆಗಳೇ ಬೇರೆ. ಆದರೆ ಮೂರೂ ಪ್ರಶ್ನೆಗೆ ಒಂದೇ ಆದಾಯ ಪ್ರಮಾಣಪತ್ರ ಒಯ್ದುಕೊಟ್ಟರೆ ಗೊಂದಲ ಅಲ್ಲಿಂದಲೇ ಶುರು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಈಗಿನ ಶೈಕ್ಷಣಿಕ ಸಾಲಕ್ಕೆ ಮೂಲ ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ಮಾಡಿದ ಮಾದರಿ ಯೋಜನೆ. 4 ಲಕ್ಷದವರೆಗೆ ಭದ್ರತೆ ಬೇಡ, ತಂದೆ ಅಥವಾ ತಾಯಿ ಜಂಟಿ ಸಾಲಗಾರರಾದರೆ ಸಾಕು. 2015ರಲ್ಲಿ ಕೇಂದ್ರ ಸರ್ಕಾರ ಸಾಲ ಖಾತರಿ ನಿಧಿ ಮಾಡಿದ ಮೇಲೆ 7.5 ಲಕ್ಷದವರೆಗೂ ಅಡಮಾನವಿಲ್ಲದೆ ಕೊಡುವ ದಾರಿಯಾಯಿತು. ಓದುವ ಹುಡುಗನ ಮುಂದಿನ ಗಳಿಕೆಯನ್ನು ನೋಡಿ ಸಾಲ ಕೊಡಬೇಕು ಎನ್ನುವುದು ಯೋಜನೆಯ ಆಶಯ. ಶಾಖೆಯಲ್ಲಿ ನಡೆಯುವುದು ಅಷ್ಟೇ ಅಲ್ಲ. ಅಪ್ಪನ ಪಹಣಿ, ಸೊಸೈಟಿಯ ಬೆಳೆಸಾಲ, ಸಿಬಿಲ್ ಅಂಕ ಎಲ್ಲವನ್ನೂ ನೋಡಿಯೇ ಮ್ಯಾನೇಜರ್ ತಲೆ ಆಡಿಸುವುದು. ಅಪ್ಪನ ಸಿಬಿಲ್ ಕಡಿಮೆ ಇದೆ ಎಂಬ ಕಾರಣಕ್ಕೆ ಶೈಕ್ಷಣಿಕ ಸಾಲ ನಿರಾಕರಿಸಬಾರದು ಎಂದು ಕೇರಳ ಹೈಕೋರ್ಟ್ ಹೇಳಿದ್ದಿದೆ. ಕೇರಳದ ಆ ಮಾತು ಘಟ್ಟದ ಈಚೆಯ ಶಾಖೆಗಳ ಕಿವಿಗೆ ಬಿದ್ದಂತಿಲ್ಲ.

ಎರಡನೆಯದು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಸ್ವಲ್ಪ ನಿಂತು ನೋಡಬೇಕಾದ್ದು ಇದನ್ನು. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆ 2009-10ರ ಶೈಕ್ಷಣಿಕ ವರ್ಷದಿಂದ ಇದೆ. ತಂದೆ ತಾಯಿಯ ಎಲ್ಲ ಮೂಲಗಳ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ದೇಶದೊಳಗೆ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುತ್ತಿದ್ದರೆ, ಓದಿನ ಅವಧಿ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಬ್ಯಾಂಕಿಗೆ ಕಟ್ಟುತ್ತದೆ. ಕೆನರಾ ಬ್ಯಾಂಕ್ ಇದರ ನೋಡಲ್ ಬ್ಯಾಂಕು. ಜೀವಮಾನದಲ್ಲಿ ಒಂದೇ ಸಲ, ಪದವಿಗೋ ಸ್ನಾತಕೋತ್ತರಕ್ಕೋ, ಎರಡರಲ್ಲಿ ಒಂದಕ್ಕೆ ಮಾತ್ರ. ಈಗ ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕೆಂಬ ಷರತ್ತೂ ಸೇರಿದೆ. 2024ರ ನವೆಂಬರ್‌ನಲ್ಲಿ ಮಂಜೂರಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 8 ಲಕ್ಷದವರೆಗಿನ ಆದಾಯದ ಮನೆಗಳಿಗೂ ಶೇಕಡಾ 3ರ ಬಡ್ಡಿ ರಿಯಾಯಿತಿ ಕೊಡುತ್ತದೆ. ಆದರೆ ಅದು ಪಟ್ಟಿಯಲ್ಲಿರುವ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ನಮ್ಮ ಸುತ್ತಲಿನ ಮಕ್ಕಳು ಸೇರುವ ಕಾಲೇಜು ಅದರಲ್ಲಿದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಿ.

ಈ ಒಂದು ಪ್ರಮಾಣಪತ್ರಕ್ಕೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿ ನೋಡೋಣ. ನಾಲ್ಕು ವರ್ಷದ ಎಂಜಿನಿಯರಿಂಗಿಗೆ ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ 4 ಲಕ್ಷ ತೆಗೆದಿರಿ, ಬಡ್ಡಿ ಶೇಕಡಾ 10 ಎಂದುಕೊಳ್ಳಿ. ಓದುವಾಗ ಸರಳ ಬಡ್ಡಿ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಒಟ್ಟು 1 ಲಕ್ಷದ 40 ಸಾವಿರ. ಸಹಾಯಧನ ಸಿಕ್ಕವನು 4 ಲಕ್ಷದಿಂದ ಕಂತು ಶುರು ಮಾಡುತ್ತಾನೆ, ಸಿಗದವನು 5 ಲಕ್ಷದ 40 ಸಾವಿರದಿಂದ. ಹತ್ತು ವರ್ಷದ ಅವಧಿಗೆ ಮೊದಲನೆಯವನ ತಿಂಗಳ ಕಂತು ಸುಮಾರು 5,290 ರೂಪಾಯಿ, ಎರಡನೆಯವನದು ಸುಮಾರು 7,140. ನಾಡಕಚೇರಿಯ ಒಂದು ಹಾಳೆಯಿಂದ ತಿಂಗಳಿಗೆ 1,850 ರೂಪಾಯಿ, ಹತ್ತು ವರ್ಷ. ಸಾಲ ಮಂಜೂರಾಗುವ ಹೊತ್ತಿಗೇ ಇದನ್ನು ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಪಡೆದಿರಬೇಕು. ಶಾಖೆಯವರು ಪೋರ್ಟಲ್ಲಿಗೆ ಹಾಕಿದ್ದಾರೆಯೇ ಎಂದು ಪ್ರತಿ ವರ್ಷ ಕೇಳುವುದಕ್ಕೂ ಸಂಕೋಚಪಡಬೇಡಿ. ಓದು ಮುಗಿದ ಮೇಲೆ ‘ನಾವೂ ಬಡವರೇ ಆಗಿದ್ದೆವು’ ಎಂದು ಕಾಗದ ತಂದವರನ್ನು ಕಂಡಿದ್ದೇನೆ. ಯಾರೂ ತಿರುಗಿ ನೋಡಲಿಲ್ಲ.

ಕೃಷಿ ಮನೆಯ ಆದಾಯವನ್ನು ಲೆಕ್ಕ ಹಾಕುವುದು ಹೇಗೆ ಎನ್ನುವಲ್ಲಿ ಮಾತು ಉದ್ದವಾಗುತ್ತದೆ. ಆದಾಯ ತೆರಿಗೆ ಕಾನೂನು ಕೃಷಿ ಆದಾಯವನ್ನು ಮುಟ್ಟುವುದಿಲ್ಲ. ಅದರ ಸುಖ ಅನುಭವಿಸುತ್ತ ಬಂದ ನಾವು ರಿಟರ್ನ್ ಸಲ್ಲಿಸಿದವರಲ್ಲ, ಲೆಕ್ಕ ಬರೆದವರಲ್ಲ. ಹೀಗಾಗಿ ಗ್ರಾಮ ಆಡಳಿತಾಧಿಕಾರಿಯ ಎದುರು ನಮ್ಮ ಬಳಿ ಇರುವುದು ಪಹಣಿ ಒಂದೇ. ಅವರು ಗುಂಟೆ ನೋಡುತ್ತಾರೆ, ಬೆಳೆಯ ಕಾಲಂ ನೋಡುತ್ತಾರೆ, ಪಡಿತರ ಚೀಟಿ ನೋಡುತ್ತಾರೆ, ನಾಲ್ಕು ಮಾತು ಕೇಳುತ್ತಾರೆ. ಕಂದಾಯ ನಿರೀಕ್ಷಕರ ಮೂಲಕ ಒಂದು ಅಂಕೆ ಮೇಲೆ ಹೋಗುತ್ತದೆ. ಆ ಅಂಕೆಗೆ ಐದು ವರ್ಷದ ಆಯುಷ್ಯ. ನಡುವೆ ಒಂದು ಮಳೆಗಾಲ ಕೊಳೆ ಬಂದು ಅರ್ಧ ಫಸಲು ಉದುರಿದರೂ, ಇನ್ನೊಂದು ವರ್ಷ ಕೆಂಪಡಿಕೆಗೆ ಎಂದೂ ಕಾಣದ ದರ ಬಂದರೂ ಹಾಳೆಯ ಮೇಲಿನ ಅಂಕೆ ಅಲುಗುವುದಿಲ್ಲ.

ಪಹಣಿ ಎಂದರೆ ಅದೂ ಸುಲಭವಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜನ ಕಾಲದ ಎರಡೂವರೆ ಎಕರೆ ತೋಟ. ಅಜ್ಜ ಹೋಗಿ ಬಹಳ ವರ್ಷವಾಯಿತು, ಅಣ್ಣತಮ್ಮಂದಿರು ಮೂವರು ಬೇರೆ ಬೇರೆ ಒಲೆ ಹೂಡಿಯೂ ಆಯಿತು. ಹಿಸ್ಸೆ ಮಾತ್ರ ಕಾಗದದಲ್ಲಿ ಆಗಿಲ್ಲ. ಪಹಣಿಯಲ್ಲಿ ಮೂವರ ಹೆಸರು ಜಂಟಿ. ಕಿರಿಯವನ ಮಗಳು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೇರಿದಾಗ ಇಡೀ ಎರಡೂವರೆ ಎಕರೆಯನ್ನು ಅವಳಪ್ಪನದೇ ಎಂದು ಹಿಡಿದರೆ ಆದಾಯ ಮಿತಿ ದಾಟುತ್ತಿತ್ತು. ಮೂವರೂ ಕೂತು, ಯಾರು ಯಾವ ಭಾಗ ಸಾಗುವಳಿ ಮಾಡುತ್ತಿದ್ದೇವೆ ಎಂದು ಒಪ್ಪಿಗೆ ಪತ್ರ ಬರೆದು, ಪಂಚರ ಸಹಿ ಹಾಕಿಸಿ, ಸ್ಥಳಕ್ಕೆ ಬಂದ ಅಧಿಕಾರಿಗೆ ತೋರಿಸಿದ ಮೇಲೆ ಸರಿಹೋಯಿತು. ಅಣ್ಣನ ಸಹಿ ಬೀಳುವುದಕ್ಕೆ ದೀಪಾವಳಿ ಕಳೆಯಬೇಕಾಯಿತು ಎನ್ನುವುದು ಬೇರೆ ಮಾತು. ಆ ಮನೆಯ ಒಳಗಿನ ಇತಿಹಾಸಕ್ಕೆ ಈ ಅಂಕಣ ಸಾಲದು.

ಇನ್ನು ಸೊಸೈಟಿಯ ಖಾತೆ. ಹೊರಗಿನಿಂದ ವರ್ಗವಾಗಿ ಬಂದ ಮ್ಯಾನೇಜರುಗಳನ್ನು ಇದು ಹೆಚ್ಚು ದಾರಿ ತಪ್ಪಿಸುತ್ತದೆ. ಶಿರಸಿಯ ಅಡಿಕೆ ಮಾರಾಟ ಸಂಘ ಟಿಎಸ್‌ಎಸ್‌ಗೋ ಊರ ಸೇವಾ ಸಹಕಾರಿ ಸಂಘಕ್ಕೋ ಅಡಿಕೆ ಹಾಕಿದವನ ಖಾತೆಯಲ್ಲಿ ಮಾಘ ಫಾಲ್ಗುಣದ ಹೊತ್ತಿಗೆ ನಾಲ್ಕೈದು ಲಕ್ಷ ಜಮಾ ಕಾಣುತ್ತದೆ. ಅದೇ ವಾರ ಬೆಳೆಸಾಲ ಮುರಿದುಕೊಳ್ಳುತ್ತಾರೆ, ಕಿರಾಣಿ ಬಾಕಿ, ಗೊಬ್ಬರ, ಸುಣ್ಣ ಮೈಲುತುತ್ತಿನ ಬಾಕಿ ಕಳೆಯುತ್ತಾರೆ. ಕೊನೆಗೌಡನ ಕೂಲಿ, ಮದ್ದು ಹೊಡೆದವನ ಕೂಲಿ, ಸುಲಿದವರ ಕೂಲಿ ಎಲ್ಲ ಹೋಗಿ ಉಳಿಯುವುದು ಮುಂದಿನ ವರ್ಷದ ಹೊಸ ಸಾಲಕ್ಕೆ ಸಹಿ ಹಾಕುವ ಅರ್ಹತೆ. ವರ್ಷಕ್ಕೊಮ್ಮೆ ಬರುವ ಹಣವನ್ನು ತಿಂಗಳ ಸಂಬಳದ ಕಣ್ಣಿನಿಂದ ನೋಡಿದರೆ ಫೆಬ್ರವರಿಯಲ್ಲಿ ನಾವೆಲ್ಲ ಶ್ರೀಮಂತರು, ಜುಲೈಯಲ್ಲಿ ನಿರ್ಗತಿಕರು. ಅದಕ್ಕೇ ಆದಾಯ ತೋರಿಸಬೇಕಾದಾಗ ಅಡಿಕೆ ವಿಕ್ರಿಯ ಪಟ್ಟಿಯನ್ನಷ್ಟೇ ಕೊಡದೆ, ವರ್ಷದ ಪೂರ್ತಿ ಖಾತೆ ಉತಾರವನ್ನು ಜಮಾ, ಖರ್ಚು ಎರಡೂ ಕಾಣುವಂತೆ ಕೇಳಿ ಪಡೆಯಿರಿ. ಸಂಘದವರು ಮುದ್ರೆ ಹಾಕಿ ಕೊಡುತ್ತಾರೆ.

ಕೂಲಿಯ ಮನೆಗಳದು ಬೇರೆಯೇ ಕಥೆ. ನಮ್ಮ ಹೋಬಳಿಯ ಕಾಡಂಚಿನ ಸಿದ್ದಿ ಕುಟುಂಬಗಳಿಗೆ, ಅತಿಕ್ರಮಣ ಜಮೀನಿನಲ್ಲಿ ಕೂತವರಿಗೆ, ಆದಾಯ ಕಡಿಮೆ ಎಂಬ ಪ್ರಮಾಣಪತ್ರ ಸಿಗುವುದು ಕಷ್ಟವೇನಲ್ಲ. ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ, ವಿದ್ಯಾರ್ಥಿ ವೇತನದ ದಾರಿಯೂ ಇದೆ. ಅವರು ಎಡವುವುದು ಮೊದಲ ಮೆಟ್ಟಿಲಲ್ಲಿ. ಪಹಣಿಯೇ ಇಲ್ಲದ ಮನೆಗೆ ಸಾಲ ಯಾಕೆ ಕೊಡಲಿ ಎನ್ನುವ ಮುಖ ಎದುರಾಗುತ್ತದೆ. ಬಡತನ ಸಾಬೀತು ಮಾಡುವುದರಲ್ಲಿ ಪೂರ್ಣಾಂಕ ಪಡೆದವರಿಗೆ ಆ ಅಂಕ ಖರ್ಚು ಮಾಡುವ ಅವಕಾಶವೇ ಬರುವುದಿಲ್ಲ.

ಮೂರನೆಯ ಪ್ರಶ್ನೆಗೆ ಬರೋಣ. ಹಿರಿಯರು ಕೇಳಿದ್ದು ಇದನ್ನೇ. ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಆಮೇಲೂ ಕೆಲಸ ಇಲ್ಲದಿದ್ದರೆ? ಮಾದರಿ ಯೋಜನೆಯನ್ನು 2015ರಲ್ಲಿ ಪರಿಷ್ಕರಿಸಿದಾಗ, ನಿರುದ್ಯೋಗ ಅಥವಾ ಅರೆ ಉದ್ಯೋಗದ ಕಾಲದಲ್ಲಿ ಸಾಲದ ಅವಧಿಯೊಳಗೆ ಎರಡು ಮೂರು ಸಲ ಕಂತು ಮುಂದೂಡಬಹುದು ಎಂಬ ಮಾತು ಸೇರಿತು. ಮರುಪಾವತಿಗೆ ಹದಿನೈದು ವರ್ಷದವರೆಗೂ ಅವಕಾಶವಿದೆ. ಇದು ಮಾದರಿ ಮಾತ್ರ. ಬ್ಯಾಂಕು ‘ಕೊಡಬಹುದು’, ಕೊಡಲೇಬೇಕೆಂದಿಲ್ಲ. ಶಾಖೆಯ ಕೌಂಟರಿನಲ್ಲಿ ಇದಕ್ಕೊಂದು ಅಚ್ಚಾದ ಫಾರ್ಮ್ ಸಿಗುತ್ತದೆ ಎಂದೂ ಎಣಿಸಬೇಡಿ. ಕೇಳಿದರೆ “ಹಾಗೇನೂ ಇಲ್ಲ ಸರ್” ಎಂದೇ ಹೇಳಿಯಾರು. ಬಿಳಿ ಹಾಳೆಯಲ್ಲಿ ನೀವೇ ಬರೆದುಕೊಂಡು ಹೋಗಬೇಕು, ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಬೇಕು.

ಜೊತೆಗೆ ಏನು ಲಗತ್ತಿಸುವುದು? ಹೆಚ್ಚಿನವರು ಮೊದಲು ಓಡುವುದು ನೋಟರಿ ಹತ್ತಿರ. ಛಾಪಾ ಕಾಗದದ ಮೇಲೆ ‘ನನಗೆ ಯಾವುದೇ ಆದಾಯ ಇರುವುದಿಲ್ಲ’ ಎಂದು ಪ್ರಮಾಣ ಮಾಡಿಸಿ ತರುತ್ತಾರೆ. ಇರಲಿ, ಕೇಳಿದರೆ ಕೊಡಿ. ಆದರೆ ನೀವು ಬಾಯಲ್ಲಿ ಹೇಳಿದ್ದನ್ನೇ ಅದು ಕೆಂಪು ಮೊಹರಿನೊಂದಿಗೆ ಹೇಳುತ್ತದೆ, ಅಷ್ಟೇ. ನಂಬಿಕೆ ಬರುವುದು ನೀವು ಬರೆಯದ, ಬೇರೆಯವರು ಬರೆದಿಟ್ಟ ದಾಖಲೆಗಳಿಂದ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಪ್ಯಾನ್ ಹಾಕಿ ಒಳಹೋದರೆ ವಾರ್ಷಿಕ ಮಾಹಿತಿ ಪಟ್ಟಿ ಸಿಗುತ್ತದೆ, ಎಐಎಸ್ ಎನ್ನುತ್ತಾರೆ, 2021ರ ನವೆಂಬರ್‌ನಿಂದ ಇದೆ. ನಿಮ್ಮ ಹೆಸರಿಗೆ ಯಾರು ಸಂಬಳ ಕೊಟ್ಟರು, ಯಾರು ಬಡ್ಡಿ ಕೊಟ್ಟರು, ಯಾರು ತೆರಿಗೆ ಮುರಿದರು ಎಲ್ಲ ಅಲ್ಲಿ ಬಿದ್ದಿರುತ್ತದೆ. ಏನೂ ಬಿದ್ದಿಲ್ಲದಿದ್ದರೆ ಆ ಖಾಲಿ ಹಾಳೆಯೇ ಸಾಕ್ಷಿ. ಹಿಂದಿನ ವರ್ಷಕ್ಕೆ ಶೂನ್ಯ ಆದಾಯದ ರಿಟರ್ನ್ ಸಲ್ಲಿಸಿದ್ದರೆ ಅದರ ಸ್ವೀಕೃತಿಯನ್ನೂ ಇಡಿ. ತೆರಿಗೆ ಕಟ್ಟಬೇಕಾಗಿಲ್ಲದವರೂ ರಿಟರ್ನ್ ಸಲ್ಲಿಸಬಹುದು, ಖರ್ಚಿಲ್ಲ.

ಒಮ್ಮೆ ಕೆಲಸಕ್ಕೆ ಸೇರಿ ಬಿಟ್ಟವರಿಗೆ ಭವಿಷ್ಯ ನಿಧಿಯ ದಾಖಲೆ ಇನ್ನೂ ಗಟ್ಟಿ. ಪಿಎಫ್ ಪಾಸ್‌ಪುಸ್ತಕದಲ್ಲಿ ಕೊನೆಯ ಜಮಾ ಯಾವ ತಿಂಗಳಿನದು ಎಂದು ಕಾಣುತ್ತದೆ, ಸೇವಾ ವಿವರದಲ್ಲಿ ಕೆಲಸ ಬಿಟ್ಟ ತಾರೀಕು ಇರುತ್ತದೆ. ಬೆಂಗಳೂರಿನ ಸಣ್ಣ ಕಂಪನಿಗಳು ಹುಡುಗರನ್ನು ಕಳಿಸಿದ ಮೇಲೆ ಆ ತಾರೀಕು ತುಂಬುವುದನ್ನು ಮರೆಯುವುದು ಹೆಚ್ಚು. ಆಗ ದಾಖಲೆಯ ಪ್ರಕಾರ ನೀವು ಇನ್ನೂ ನೌಕರರೇ. ಕೊನೆಯ ಜಮಾ ಆಗಿ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಯುಎಎನ್ ಪೋರ್ಟಲ್ಲಿನಲ್ಲಿ ಬಿಟ್ಟ ತಾರೀಕು ನಮೂದಿಸಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ನಮ್ಮಲ್ಲಿ ಆ ಒಟಿಪಿ ಹಿಡಿಯಲು ಬೆಟ್ಟದ ತಲೆಗೆ ಹೋಗಬೇಕು ಎನ್ನುವುದನ್ನು ದೂರವಾಣಿ ಕಂಪನಿಗಳಿಗೆ ಯಾರಾದರೂ ತಿಳಿಸಿದರೆ ಉಪಕಾರ. ಕಂಪನಿಯ ಬಿಡುಗಡೆ ಪತ್ರ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯ ನೋಂದಣಿ, ಕೆಲಸಕ್ಕೆ ಹಾಕಿದ ಅರ್ಜಿಗಳ ಮತ್ತು ಬಂದ ನಿರಾಕರಣೆಯ ಇಮೇಲ್‌ಗಳನ್ನೂ ಸೇರಿಸಿ. ಹುಡುಕುತ್ತಿದ್ದಾನೆ ಎಂಬುದು ಕಂಡರೆ ಮ್ಯಾನೇಜರ್ ಬರೆಯುವ ಟಿಪ್ಪಣಿಯ ಧಾಟಿ ಬದಲಾಗುತ್ತದೆ. ನಾಡಕಚೇರಿಯ ಆದಾಯ ಪತ್ರ ಮಾತ್ರ ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಅದು ಮನೆಯ ಆದಾಯ ಹೇಳುತ್ತದೆ, ಸಾಲಗಾರನ ಆದಾಯ ಹೇಳುವುದಿಲ್ಲ.

ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲರೂ ಕೇಳುವ ದಾಖಲೆ, ಎಲ್ಲರೂ ಸಿಕ್ಕಿಬೀಳುವ ದಾಖಲೆಯೂ ಅದೇ. ಕೆಲಸ ಕಳೆದುಕೊಂಡು ಊರಿಗೆ ಬಂದ ಹುಡುಗನೊಬ್ಬನ ಸ್ಟೇಟ್‌ಮೆಂಟನ್ನು ನಾನೇ ನೋಡಿದ್ದೆ. ಒಂದು ಕಡೆ 46,000 ಜಮಾ, ಇನ್ನೊಂದು ಕಡೆ 12,500, ನಡುನಡುವೆ ಐನೂರು, ಎಂಟುನೂರು. ಮ್ಯಾನೇಜರ್ ಕೆಂಪು ಪೆನ್ನಿನಲ್ಲಿ ಎಲ್ಲಕ್ಕೂ ಸುತ್ತು ಹಾಕಿದ್ದರು. ನಿಜ ಸಂಗತಿ ಏನೆಂದರೆ ಆ ಮನೆಯಲ್ಲಿ ಫೋನ್‌ಪೇ ಇರುವುದು ಅವನ ಮೊಬೈಲಿನಲ್ಲಿ ಮಾತ್ರ. 46,000 ಅಪ್ಪ ಕಾಳುಮೆಣಸು ಕೊಟ್ಟದ್ದು, 12,500 ಚಿಕ್ಕಪ್ಪ ಟ್ರ್ಯಾಕ್ಟರ್ ಬಾಡಿಗೆಗೆ ಕಳಿಸಿದ್ದು. ಎಂಟುನೂರು ಐನೂರೆಲ್ಲ ಅಕ್ಕಪಕ್ಕದವರು ಇವನ ಕೈಯಲ್ಲಿ ಕರೆಂಟ್ ಬಿಲ್ ಕಟ್ಟಿಸಿಕೊಂಡದ್ದು. ಪ್ರತಿ ಜಮಾದ ಎದುರು ಅದೇ ದಿನವೋ ಮರುದಿನವೋ ಹಣ ಹೊರಹೋಗಿತ್ತು. ಅದನ್ನು ತೋರಿಸಿ, ಪೆನ್ಸಿಲಿನಲ್ಲಿ ಒಂದೊಂದರ ಮುಂದೆ ಒಂದೊಂದು ಮಾತು ಬರೆದು, ಕಾಳುಮೆಣಸಿನ ಚೀಟಿ ಲಗತ್ತಿಸಿದ ಮೇಲೆ ಮುಂದೂಡಿಕೆ ಸಿಕ್ಕಿತು. ಸಾಲವಿರುವ ಮಕ್ಕಳ ಖಾತೆಯನ್ನು ಮನೆಯ ಗಲ್ಲಾಪೆಟ್ಟಿಗೆ ಮಾಡಿಕೊಳ್ಳಬೇಡಿ ಎಂದು ಅಪ್ಪಂದಿರಿಗೆ ಹೇಳುವುದು ಅಂದಿನಿಂದ ನನ್ನ ರೂಢಿ.

ತೋಟದಲ್ಲಿ ಅಪ್ಪನ ಜೊತೆ ದುಡಿಯುವುದನ್ನು ಏನೆಂದು ಬರೆಯುವುದು ಎಂದೂ ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆಯಿರಿ: ಮನೆಯಲ್ಲಿದ್ದೇನೆ, ತೋಟದ ಕೆಲಸಕ್ಕೆ ನೆರವಾಗುತ್ತೇನೆ, ಸಂಬಳವಿಲ್ಲ, ಊಟ ವಸತಿ ತಂದೆತಾಯಿಯದು. ‘ಸ್ವಯಂ ಉದ್ಯೋಗ, ಕೃಷಿ’ ಎಂದು ಗತ್ತಿನಿಂದ ಬರೆದರೆ ಆದಾಯ ಇದೆ ಎಂದೇ ಅರ್ಥ. ನಮ್ಮ ಹುಡುಗರಿಗೆ ನಿರುದ್ಯೋಗಿ ಎಂದು ಬರೆಯಲು ನಾಚಿಕೆ. ಆ ನಾಚಿಕೆಯ ಬೆಲೆ ತಿಂಗಳ ಕಂತಿನಷ್ಟಾಗಬಹುದು.

ನಿರುದ್ಯೋಗವನ್ನು ಸಾಬೀತುಪಡಿಸುವ ಪದ್ಧತಿ ನಮ್ಮ ರಾಜ್ಯಕ್ಕೆ ಹೊಸತೇನಲ್ಲ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ನೋಡಿ. ಪದವಿ ಮುಗಿಸಿ 180 ದಿನ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇದನ್ನು ಪಡೆಯುವವರು ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ, ಮುಂದೆ ಓದುತ್ತಲೂ ಇಲ್ಲ’ ಎಂದು ಸೇವಾ ಸಿಂಧುವಿನಲ್ಲಿ ಆಗಾಗ ಸ್ವಯಂ ಘೋಷಣೆ ಮಾಡಬೇಕು. ಸರ್ಕಾರ ಮೊದಲು ಅಭ್ಯರ್ಥಿಯ ಮಾತು ನಂಬುತ್ತದೆ, ಅನುಮಾನವಿದ್ದರೆ ಪಿಎಫ್‌ನಂಥ ದಾಖಲೆಗಳಲ್ಲಿ ತಾಳೆ ನೋಡುತ್ತದೆ. ಇದು ನನಗೆ ಸರಿ ಎನಿಸುತ್ತದೆ. ಯುವನಿಧಿ ಬರುತ್ತಿದ್ದವರು ಆ ಜಮಾದ ವಿವರವನ್ನು ಬ್ಯಾಂಕಿನ ಅರ್ಜಿಗೂ ಲಗತ್ತಿಸಲಿ. ರಾಜ್ಯ ಸರ್ಕಾರವೇ ನಿರುದ್ಯೋಗಿ ಎಂದು ಒಪ್ಪಿ ಹಣ ಹಾಕಿದ್ದಕ್ಕಿಂತ ದೊಡ್ಡ ಪುರಾವೆ ಯಾವುದು?

ಹೊರದೇಶಗಳಲ್ಲಿ ಇದನ್ನು ಬೇರೆ ರೀತಿಯಲ್ಲಿ ಕಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲಿ 1989ರಿಂದಲೂ ವಿದ್ಯಾಭ್ಯಾಸದ ಬಾಕಿಯನ್ನು ತೆರಿಗೆ ಇಲಾಖೆಯೇ ವಸೂಲು ಮಾಡುತ್ತದೆ. ಆದಾಯ ಒಂದು ಮಟ್ಟ ಮುಟ್ಟುವವರೆಗೆ ಕಂತೇ ಇಲ್ಲ. ಇಂಗ್ಲೆಂಡಿನಲ್ಲಿ ಸ್ಟೂಡೆಂಟ್ ಲೋನ್ಸ್ ಕಂಪನಿ ಎಂಬ ಸರ್ಕಾರಿ ಸಂಸ್ಥೆಯಿದೆ. ಪದವಿಯ ಸಾಲಕ್ಕೆ ನಿಗದಿತ ಮಿತಿಯ ಮೇಲಿನ ಸಂಬಳದಲ್ಲಿ ಶೇಕಡಾ 9ನ್ನು ಸಂಬಳದಿಂದಲೇ ಮುರಿಯುತ್ತಾರೆ, ಸಂಬಳ ನಿಂತರೆ ಮುರಿತವೂ ನಿಂತಿತು. ಕೇಳಲು ಸ್ವರ್ಗ. ಆದರೆ ಅಲ್ಲೇ ಹುಟ್ಟಿ ಓದಿದ ಕನ್ನಡದ ಮನೆಯ ಹುಡುಗಿಯೊಬ್ಬಳು ಕೆಲಸ ಬಿಟ್ಟು ಒಂದು ವರ್ಷ ಇಲ್ಲಿ ಅಜ್ಜಿಯ ಜೊತೆ ಇರಲು ಬಂದಳು ಎಂದುಕೊಳ್ಳಿ. ಮೂರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಆ ಕಂಪನಿಗೆ ಆದಾಯದ ವಿವರ ಕೊಡಬೇಕು. ಆದಾಯ ಇಲ್ಲ ಎಂದರೆ ಸಾಲದು, ಹಾಗಾದರೆ ಹೊಟ್ಟೆಗೆ ಏನು ಮಾಡುತ್ತೀ ಎಂಬುದಕ್ಕೂ ಪುರಾವೆ ಬೇಕು. ಕೊಡದಿದ್ದರೆ ಅವರೇ ಒಂದು ಮೊತ್ತ ನಿಗದಿ ಮಾಡಿ ಕೇಳುತ್ತಾರೆ. ಅಜ್ಜಿಯ ಮನೆಯಲ್ಲಿ ಊಟಕ್ಕೆ ದುಡ್ಡು ಕೊಡಬೇಕಾಗಿಲ್ಲ ಎನ್ನುವುದನ್ನು ಅಜ್ಜಿ ಕೈಯಲ್ಲಿ ಬರೆಸಿ ಇಂಗ್ಲೆಂಡಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂದೀತೆಂದು ನಿರೀಕ್ಷೆಯಲ್ಲಿದ್ದೇನೆ.

ನಮ್ಮಲ್ಲೂ ಪುರಾವೆ ಕೇಳದ ಒಂದು ಕಾಲ ಬಂದಿತ್ತು. ಕೋವಿಡ್ ವರ್ಷದಲ್ಲಿ, 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ, ರಿಸರ್ವ್ ಬ್ಯಾಂಕ್ ಆರು ತಿಂಗಳ ಕಂತು ಮುಂದೂಡಲು ಅನುಮತಿ ಕೊಟ್ಟಿತು. ಎಷ್ಟೋ ಕಡೆ ಒಂದು ಎಸ್‌ಎಂಎಸ್ ಸಾಕಾಯಿತು, ಸಂಬಳ ನಿಂತಿದೆಯೇ ಎಂದು ಯಾರೂ ಕೇಳಲಿಲ್ಲ. ಎಲ್ಲರ ಮನೆಗೂ ಬಂದ ಕಷ್ಟಕ್ಕೆ ಕಾಗದ ಬೇಡವಾಯಿತು, ಒಬ್ಬನ ಮನೆಗೆ ಬಂದ ಕಷ್ಟಕ್ಕೆ ಫೈಲೇ ಬೇಕು. ಬ್ಯಾಂಕಿನ ಕಡೆಯ ಮಾತೂ ಇದೆ, ಮರೆಯಬಾರದು. ಕೆಲಸವಿದ್ದೂ ಇಲ್ಲ ಎನ್ನುವವರು, ಸಾಲ ಮನ್ನಾ ಆಗುತ್ತದೆಂದು ಕಾದು ಕೂತವರು ನಮ್ಮಲ್ಲಿ ಇಲ್ಲವೆಂದು ಎದೆ ತಟ್ಟಿ ಹೇಳುವ ಧೈರ್ಯ ನನಗಿಲ್ಲ.

ಮುಂದೂಡಿಕೆ ಎಂದರೆ ಮನ್ನಾ ಅಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಬಡ್ಡಿ ಓಡುತ್ತಲೇ ಇರುತ್ತದೆ. ಮೇಲಿನ ಲೆಕ್ಕದ 4 ಲಕ್ಷಕ್ಕೆ ಆರು ತಿಂಗಳ ಬಡ್ಡಿಯೇ 20,000. ಸಾಧ್ಯವಾದರೆ ಬಡ್ಡಿಯನ್ನಷ್ಟಾದರೂ ಕಟ್ಟುತ್ತಿರಿ. ಅದೂ ಆಗದಿದ್ದರೆ ಅರ್ಜಿಯನ್ನಾದರೂ ಕಂತು ತಪ್ಪುವ ಮೊದಲು ಕೊಡಿ. ಬಾಕಿ 90 ದಿನ ದಾಟಿದರೆ ಖಾತೆ ಅನುತ್ಪಾದಕ ಸಾಲದ ಪಟ್ಟಿಗೆ ಹೋಗುತ್ತದೆ. ಅಲ್ಲಿಂದ ಮೇಲೆ ಮ್ಯಾನೇಜರಿಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಜಂಟಿ ಸಾಲಗಾರನಾದ ಅಪ್ಪನ ಸಿಬಿಲ್ ಕೂಡ ಕೆಡುತ್ತದೆ, ಮುಂದಿನ ಬಾರಿ ಅವನು ಬ್ಯಾಂಕಿನಲ್ಲಿ ಕೃಷಿ ಸಾಲ ಕೇಳುವಾಗ ಅದು ಎದ್ದು ಬರುತ್ತದೆ. ಏಜೆಂಟರ ಕಾಟ ಶುರುವಾದರೆ ನೆನಪಿಡಿ: ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಅರ್ಜಿ ಕೊಟ್ಟು 30 ದಿನವಾದರೂ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಮೊಹರು ಹಾಕಿಸಿಕೊಂಡ ಪ್ರತಿ ಕೆಲಸಕ್ಕೆ ಬರುವುದು ಆಗ.

ಮುಂದೂಡಿಕೆ ಮಂಜೂರಾಯಿತು ಎಂದು ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಆಮೇಲಿನ ಕಂತು ಎಷ್ಟು ಎನ್ನುವುದನ್ನು ಬರೆಸಿಕೊಳ್ಳಿ. ಖಾತೆಯಿಂದ ತಾನಾಗಿ ಕಂತು ಮುರಿದುಕೊಳ್ಳುವ ಆದೇಶ ಮೊದಲೇ ಕೊಟ್ಟಿದ್ದರೆ ಅದನ್ನು ಆ ಅವಧಿಗೆ ನಿಲ್ಲಿಸಿದ್ದಾರೆಯೇ ಎಂದು ಕೇಳಿ. ಇಲ್ಲದಿದ್ದರೆ ಒಂದು ಕಡೆ ಮುಂದೂಡಿಕೆ, ಇನ್ನೊಂದು ಕಡೆ ಪ್ರತಿ ತಿಂಗಳೂ ಹಣ ಸಾಲದ್ದಕ್ಕೆ ದಂಡ. ಅಪ್ಪನ ಉಳಿತಾಯ ಖಾತೆ ಅದೇ ಬ್ಯಾಂಕಿನಲ್ಲಿದ್ದು, ಅಡಿಕೆ ಪಟ್ಟಿಯ ಹಣ ಅದಕ್ಕೇ ಬೀಳುವುದಾದರೆ ಇನ್ನೂ ಎಚ್ಚರ ಬೇಕು. ಜಂಟಿ ಸಾಲಗಾರನ ಖಾತೆಯಿಂದ ಬಾಕಿ ಹೊಂದಿಸಿಕೊಳ್ಳುವ ಅಧಿಕಾರ ಸಾಲದ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಕೊನೆಕೊಯ್ಲು ಮುಗಿದು, ಅಡಿಕೆ ಶಿರಸಿಗೆ ಹೋಗುವ ಮೊದಲು ಆ ಕರಾರನ್ನು ಪೆಟ್ಟಿಗೆಯಿಂದ ತೆಗೆದು ಓದಿಕೊಳ್ಳಿ. ಅಕ್ಷರ ಸಣ್ಣದಿರುತ್ತದೆ, ಕನ್ನಡಕ ಹಾಕಿಕೊಂಡೇ ಕೂರಬೇಕು.